ಬೀಸು ಮೊಟಕು, ಗುರಿ ನೇರ: ಗಾಲ್ಫ್‌ನ ಐರನ್ ಹೊಡೆತದ ಒಳಲೆಕ್ಕ

ಶಿವಮೊಗ್ಗ: ಭದ್ರಾವತಿ ಎಂದೊಡನೆ ಕನ್ನಡಿಗರ ನೆನಪಿಗೆ ಬರುವ ಸಂಗತಿಗಳು ಎರಡು. ಮೊದಲನೆಯದು ಕಬ್ಬಿಣ. ಮೈಸೂರು ಸಂಸ್ಥಾನ 1918ರಲ್ಲಿ ಇಲ್ಲಿ ಸ್ಥಾಪಿಸಿದ ಕಾರ್ಖಾನೆಯಲ್ಲಿ 1923ರಲ್ಲಿ ಉತ್ಪಾದನೆ ಆರಂಭವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡುಗಳ ಇದ್ದಿಲು ಎರಡೂ ಸೇರಿ ಬೀಡುಕಬ್ಬಿಣವಾಗಿ ಹರಿದವು. ಎರಡನೆಯದು ಗುಂಡಪ್ಪ ವಿಶ್ವನಾಥ್. 1949ರ ಫೆಬ್ರುವರಿ 12ರಂದು ಇದೇ ಊರಿನಲ್ಲಿ ಹುಟ್ಟಿದ ಈ ಗಿಡ್ಡ ಮೈಕಟ್ಟಿನ ಆಟಗಾರ 91 ಟೆಸ್ಟ್‌ಗಳಲ್ಲಿ 6,080 ರನ್ ಗಳಿಸಿದ್ದು ತೋಳ್ಬಲದಿಂದಲ್ಲ, ಹದವರಿತ ಹೊಡೆತದಿಂದ.

ಕಬ್ಬಿಣ ಮತ್ತು ಹದ ಇವೆರಡೂ ಒಂದೇ ಕಡೆ ಕೂಡುವ ಆಟವೊಂದಿದೆ. ಅದು ಗಾಲ್ಫ್. ಬೆಂಗಳೂರಿನಲ್ಲಿ 1876ರಷ್ಟು ಹಿಂದೆಯೇ ಬೇರೂರಿದ ಈ ಆಟ ಬಹುಕಾಲ ರಾಜಧಾನಿ, ಮೈಸೂರು ಮತ್ತು ಕಾಫಿ ಸೀಮೆಯ ತೋಟದೊಡೆಯರ ಆವರಣ ದಾಟಿ ಹೊರಬರಲಿಲ್ಲ. ಈಗ ಚಿಕ್ಕಮಗಳೂರಿನಲ್ಲಿ ಗಾಲ್ಫ್ ಕ್ಲಬ್ ಇದೆ, ಶಿವಮೊಗ್ಗದಲ್ಲಿ ಕಿಮ್ಮನೆ ಗಾಲ್ಫ್ ರೆಸಾರ್ಟ್ ಇದೆ. ನಲವತ್ತು ದಾಟಿದ ಮೇಲೆ ಮೊದಲ ಬಾರಿ ಗಾಲ್ಫ್ ಕೋಲು ಹಿಡಿಯುವವರು ಈಗ ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಅಪರೂಪವಲ್ಲ.

ಹೊಸಬರೆಲ್ಲರೂ ಮೊದಲ ದಿನವೇ ಮಾಡುವ ತಪ್ಪು ಒಂದೇ. ಕೋಲನ್ನು ಬೆನ್ನ ಹಿಂದಿನವರೆಗೂ ಎತ್ತಿ, ಮೈಯಲ್ಲಿರುವ ಬಲವನ್ನೆಲ್ಲ ಸುರಿದು ಬೀಸುವುದು. ಚೆಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ನೆಲದ ಮೇಲೆ ಉರುಳುತ್ತಾ ಹೋಗುತ್ತದೆ. ಹತ್ತರಲ್ಲಿ ಒಂದು ಮಾತ್ರ ಅಂದುಕೊಂಡ ಜಾಗಕ್ಕೆ ಸೇರುತ್ತದೆ. ಆ ಒಂದರ ಸವಿ ನೆಚ್ಚಿಕೊಂಡು ಉಳಿದ ಒಂಬತ್ತನ್ನು ಮರೆಯುವವರೇ ಹೆಚ್ಚು. ಪರಿಣಾಮವಾಗಿ ಚೆಂಡುಗಳು ಪೊದೆ ಸೇರುತ್ತವೆ, ಸೊಂಟ ಹಿಡಿದುಕೊಳ್ಳುತ್ತದೆ, ಕೆಲವೇ ತಿಂಗಳಲ್ಲಿ ಕೋಲುಗಳ ಚೀಲ ಅಟ್ಟ ಸೇರುತ್ತದೆ.

ಇದಕ್ಕೆ ಪರಿಹಾರವಿದೆಯೆ? ಇದೆ. ಅದು ಹೊಸ ಕೋಲು ಕೊಳ್ಳುವುದರಲ್ಲಿಲ್ಲ. ಇರುವ ಬೀಸನ್ನೇ ಮೊಟಕುಗೊಳಿಸುವುದರಲ್ಲಿದೆ.

ಐರನ್ ಎಂದರೇನು?

ಗಾಲ್ಫ್ ನಿಯಮದ ಪ್ರಕಾರ ಆಟಗಾರನ ಚೀಲದಲ್ಲಿ 14ಕ್ಕಿಂತ ಹೆಚ್ಚು ಕೋಲುಗಳಿರುವಂತಿಲ್ಲ. ಇವುಗಳಲ್ಲಿ ಉದ್ದದ ಕೋಲು ಡ್ರೈವರ್. ಆಟ ಆರಂಭವಾಗುವ ಜಾಗದಿಂದ ಚೆಂಡನ್ನು ಆದಷ್ಟು ದೂರ ಕಳುಹಿಸುವುದೇ ಅದರ ಕೆಲಸ. ಕಡೆಯ ಹಂತದಲ್ಲಿ ಚೆಂಡನ್ನು ಮೆಲ್ಲನೆ ಗುಳಿಯೊಳಕ್ಕೆ ಉರುಳಿಸುವುದು ಪಟರ್. ಇವೆರಡರ ನಡುವಿನ ಕೆಲಸವನ್ನು ಬಹುಪಾಲು ನಿಭಾಯಿಸುವುದು ಐರನ್‌ಗಳು. ಹೆಸರೇ ಹೇಳುವಂತೆ ಇವುಗಳ ತಲೆ ಲೋಹದ್ದು. ಹಿಂದೆ ಸ್ಕಾಟ್ಲೆಂಡಿನಲ್ಲಿ ಕಮ್ಮಾರರು ಕುಲುಮೆಯಲ್ಲಿ ಕಾಯಿಸಿ, ಬಡಿದು ಇವುಗಳನ್ನು ರೂಪಿಸುತ್ತಿದ್ದರು. ಇಂದು ಮೆದು ಇಂಗಾಲದ ಉಕ್ಕನ್ನು ಅಚ್ಚಿನಲ್ಲಿ ಬಡಿದು ಮಾಡುವ ಐರನ್‌ಗಳೂ ಇವೆ, ತುಕ್ಕು ಹಿಡಿಯದ ಉಕ್ಕನ್ನು ಎರಕ ಹೊಯ್ದು ಮಾಡುವವೂ ಇವೆ. ಎರಕದ ಈ ವಿಧಾನ ನಮಗೆ ಹೊಸದಲ್ಲ. ಮೇಣದಲ್ಲಿ ರೂಪ ಕಡೆದು, ಅದರ ಸುತ್ತ ಅಚ್ಚು ಕಟ್ಟಿ, ಮೇಣವನ್ನು ಕರಗಿಸಿ ತೆಗೆದು ಆ ಜಾಗಕ್ಕೆ ಲೋಹ ಸುರಿಯುವ ಈ ಕ್ರಮದಲ್ಲೇ ನಮ್ಮ ಪಂಚಲೋಹದ ವಿಗ್ರಹಗಳೂ ತಯಾರಾಗುತ್ತವೆ.

ಐರನ್‌ಗಳಿಗೆ ಸಂಖ್ಯೆಗಳಿವೆ. ಸಂಖ್ಯೆ ಹೆಚ್ಚಿದಂತೆ ಕೋಲಿನ ಉದ್ದ ಕಡಿಮೆಯಾಗುತ್ತದೆ, ತಲೆಯ ಮುಖ ಹೆಚ್ಚು ಓರೆಯಾಗುತ್ತದೆ. 7ನೇ ಸಂಖ್ಯೆಯ ಐರನ್ ಸುಮಾರು 37 ಅಂಗುಲ ಉದ್ದವಿದ್ದು, ಅದರ ಮುಖ ಸಾಮಾನ್ಯವಾಗಿ 30ರಿಂದ 34 ಡಿಗ್ರಿಯಷ್ಟು ಹಿಂದಕ್ಕೆ ವಾಲಿರುತ್ತದೆ. ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಉದ್ದದಲ್ಲಿ ಅರ್ಧ ಅಂಗುಲ, ಓರೆಯಲ್ಲಿ ಸುಮಾರು 4 ಡಿಗ್ರಿ ವ್ಯತ್ಯಾಸವಿರುತ್ತದೆ. ಇದರ ಫಲವಾಗಿ ಒಂದೇ ಬಗೆಯ ಬೀಸಿಗೆ ಪ್ರತಿ ಸಂಖ್ಯೆಯಲ್ಲೂ ಹೆಚ್ಚುಕಡಿಮೆ 10 ಗಜಗಳ ಅಂತರ ದೊರೆಯುತ್ತದೆ.

ಇಲ್ಲಿಯೇ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ದೂರವನ್ನು ಹೆಚ್ಚುಕಡಿಮೆ ಮಾಡುವ ವ್ಯವಸ್ಥೆಯನ್ನು ಕೋಲುಗಳನ್ನು ತಯಾರಿಸಿದವರೇ ಸಂಖ್ಯೆಗಳ ರೂಪದಲ್ಲಿ ಒದಗಿಸಿಕೊಟ್ಟಿದ್ದಾರೆ. ಹತ್ತು ಗಜ ಹೆಚ್ಚು ಬೇಕೆಂದರೆ ಚೀಲದಿಂದ ಮುಂದಿನ ಕೋಲು ತೆಗೆದರಾಯಿತು. ಆಟಗಾರನ ಪಾಲಿಗೆ ಉಳಿಯುವ ನಿಜವಾದ ಕೆಲಸ ದಿಕ್ಕನ್ನು ಕಾಯುವುದು. ದೂರವನ್ನು ಕೋಲಿಗೆ ಬಿಟ್ಟು, ದಿಕ್ಕನ್ನು ಕೈಯಲ್ಲಿ ಇಟ್ಟುಕೊಳ್ಳಬೇಕು ಎಂಬುದೇ ಮೊಟಕು ಬೀಸಿನ ಹಿಂದಿರುವ ಸರಳ ತತ್ವ.

ಒಂದು ಡಿಗ್ರಿಯ ಬೆಲೆ

ಗಾಲ್ಫ್ ಚೆಂಡಿನ ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರುವಂತಿಲ್ಲ, ತೂಕ 45.93 ಗ್ರಾಂ ಮೀರುವಂತಿಲ್ಲ. ಅದು ಸೇರಬೇಕಾದ ಗುಳಿಯ ವ್ಯಾಸ 108 ಮಿಲಿಮೀಟರ್. ಕೋಲಿನ ಮುಖವೂ ಚೆಂಡೂ ಒಂದನ್ನೊಂದು ಮುಟ್ಟಿಕೊಂಡಿರುವುದು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದ ಒಂದು ಪಾಲು ಕಾಲ ಮಾತ್ರ. ಆ ಕ್ಷಣದಲ್ಲಿ ಮುಖ ಎತ್ತ ನೋಡುತ್ತಿತ್ತು, ತಲೆ ಎತ್ತ ಚಲಿಸುತ್ತಿತ್ತು ಎಂಬ ಎರಡು ಸಂಗತಿಗಳೇ ಚೆಂಡಿನ ಹಣೆಬರಹವನ್ನು ಬರೆಯುತ್ತವೆ.

ಚೆಂಡು ಹೊರಡುವ ದಿಕ್ಕು ಕೋಲು ಬೀಸಿದ ದಿಕ್ಕನ್ನೇ ಅನುಸರಿಸುತ್ತದೆ ಎಂದು ಹಿಂದೆ ನಂಬಲಾಗಿತ್ತು. ರಾಡಾರ್ ಆಧಾರಿತ ಉಪಕರಣಗಳು ಬಂದ ಮೇಲೆ ಈ ನಂಬಿಕೆ ಬದಲಾಯಿತು. ಐರನ್ ಹೊಡೆತದಲ್ಲಿ ಚೆಂಡು ಹೊರಡುವ ದಿಕ್ಕನ್ನು ಸುಮಾರು ಮುಕ್ಕಾಲು ಪಾಲು ನಿರ್ಧರಿಸುವುದು ಮುಖ ನೋಡುತ್ತಿರುವ ದಿಕ್ಕು. ಉಳಿದ ಕಾಲು ಪಾಲು ಮಾತ್ರ ಬೀಸಿನ ದಾರಿಯದು. ಮುಖದ ದಿಕ್ಕಿಗೂ ಬೀಸಿನ ದಾರಿಗೂ ಅಂತರವಿದ್ದರೆ ಚೆಂಡು ಗಾಳಿಯಲ್ಲಿ ಬಾಗುತ್ತಾ ಸಾಗುತ್ತದೆ.

ಇದನ್ನು ಲೆಕ್ಕಕ್ಕಿಳಿಸಿ ನೋಡೋಣ. ಗುರಿ 140 ಗಜ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಚೆಂಡು ಹೊರಡುವ ದಿಕ್ಕು ಒಂದು ಡಿಗ್ರಿ ತಪ್ಪಿದರೆ ಅದು ಗುರಿಯಿಂದ ಸುಮಾರು ಎರಡೂವರೆ ಗಜ ಪಕ್ಕಕ್ಕೆ ಬೀಳುತ್ತದೆ. ಐದು ಡಿಗ್ರಿ ತಪ್ಪಿದರೆ 12 ಗಜ. ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಅಂಗಳವಾದ ಗ್ರೀನ್ ಸಾಮಾನ್ಯವಾಗಿ 25ರಿಂದ 30 ಗಜ ಅಗಲವಿರುತ್ತದೆ. ಅದರ ನಡುವಿಗೆ ಗುರಿಯಿಟ್ಟವನು ಐದು ಡಿಗ್ರಿ ತಪ್ಪಿದರೆ ಅಂಚಿಗೆ ಬಂದು ನಿಲ್ಲುತ್ತಾನೆ. ಅದಕ್ಕೆ ಗಾಳಿಯಲ್ಲಿನ ಬಾಗುವಿಕೆಯೂ ಸೇರಿದರೆ ಚೆಂಡು ಮರಳಿನ ಬಂಕರನ್ನೋ ಪೊದೆಯನ್ನೋ ಸೇರುತ್ತದೆ. ಗಡಿಯಾರದ ಮುಖದಲ್ಲಿ ಒಂದು ನಿಮಿಷದ ಗೆರೆಯಿಂದ ಮುಂದಿನ ಗೆರೆಗೆ 6 ಡಿಗ್ರಿ. ಅಷ್ಟು ಕಿರಿದಾದ ವ್ಯತ್ಯಾಸ ಇಡೀ ಹೊಡೆತವನ್ನು ಕೆಡಿಸಬಲ್ಲದು.

ಸಮ್ಮಟಿಗೆ ಬೇರೆ, ಸುತ್ತಿಗೆ ಬೇರೆ

ಬೀಸು ಮೊಟಕಾದರೆ ಈ ತಪ್ಪು ಕಡಿಮೆಯಾಗುವುದು ಹೇಗೆ? ಕುಲುಮೆಯ ಕೆಲಸ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಕಾದ ಕಬ್ಬಿಣದ ಗಟ್ಟಿಯನ್ನು ಮೊದಲು ಚಪ್ಪಟೆ ಮಾಡುವಾಗ ಸಮ್ಮಟಿಗೆಯನ್ನು ತಲೆಯ ಮೇಲಕ್ಕೆತ್ತಿ ಬಡಿಯುತ್ತಾರೆ. ಆದರೆ ಕುಡುಗೋಲಿಗೆ ಬಾಯಿ ತಟ್ಟುವ ಹಂತ ಬಂದಾಗ ಕಮ್ಮಾರ ಸುತ್ತಿಗೆಯನ್ನು ಎದೆಮಟ್ಟಕ್ಕಿಂತ ಮೇಲೆ ಎತ್ತುವುದಿಲ್ಲ. ಬಲ ಸಾಲದೆಂದಲ್ಲ, ಏಟು ಬಿದ್ದಲ್ಲೇ ಮತ್ತೆ ಬೀಳಬೇಕು ಎಂಬ ಕಾರಣಕ್ಕೆ. ಗಾಲ್ಫ್‌ನಲ್ಲಿ ಡ್ರೈವರ್ ಸಮ್ಮಟಿಗೆಯಾದರೆ ಐರನ್ ಸುತ್ತಿಗೆ.

ಇದರ ಹಿಂದಿರುವ ಕಾರಣಗಳನ್ನು ಹೀಗೆ ಬಿಡಿಸಿ ಹೇಳಬಹುದು.

ಒಂದು, ಮುಖದ ತಿರುಗುವಿಕೆ. ಕೋಲನ್ನು ಹಿಂದಕ್ಕೆ ಒಯ್ದಂತೆಲ್ಲ ತೋಳು, ಮಣಿಕಟ್ಟುಗಳ ಚಲನೆಯಿಂದ ಅದರ ಮುಖ ಗುರಿಯ ರೇಖೆಯಿಂದ ಬೇರೆಡೆಗೆ ತಿರುಗುತ್ತಾ ಹೋಗುತ್ತದೆ. ಚೆಂಡನ್ನು ಮುಟ್ಟುವ ಕ್ಷಣಕ್ಕೆ ಅದು ಮರಳಿ ನೇರವಾಗಬೇಕು. ಹೆಚ್ಚು ತಿರುಗಿದ್ದನ್ನು ಹೆಚ್ಚು ವೇಗದಲ್ಲಿ ಮರಳಿಸುವಾಗ ಕಣ್ಣೆವೆಯಿಕ್ಕುವಷ್ಟು ಹಿಂದುಮುಂದಾದರೂ ಡಿಗ್ರಿಗಳು ತಪ್ಪುತ್ತವೆ. ಬೀಸು ಮೊಟಕಾದಾಗ ತಿರುಗುವಿಕೆಯೂ ಕಡಿಮೆ, ಅದನ್ನು ಸರಿಪಡಿಸುವ ಭಾರವೂ ಕಡಿಮೆ.

ಎರಡು, ಮೈಯ ಸಮತೋಲ. ಶಕ್ತಿ ಮೀರಿ ಬೀಸುವವನ ತಲೆ ಕದಲುತ್ತದೆ, ಸೊಂಟ ಓಲಾಡುತ್ತದೆ, ಹಿಮ್ಮಡಿ ಮೇಲೇಳುತ್ತದೆ. ಆಗ ಬೀಸಿನ ವೃತ್ತದ ಅತಿ ಕೆಳಗಿನ ಬಿಂದು ಪ್ರತಿ ಬಾರಿಯೂ ಬೇರೆ ಬೇರೆ ಜಾಗದಲ್ಲಿರುತ್ತದೆ. ಐರನ್ ಹೊಡೆತದಲ್ಲಿ ಈ ಬಿಂದು ಚೆಂಡಿಗಿಂತ ಕೆಲವು ಅಂಗುಲ ಮುಂದೆ, ಎಂದರೆ ಗುರಿಯ ಕಡೆಗೆ ಇರಬೇಕು. ಕೋಲು ಮೊದಲು ಚೆಂಡನ್ನು ಮುಟ್ಟಿ ಆಮೇಲೆ ನೆಲವನ್ನು ಸವರಬೇಕು. ಬಲ್ಲ ಆಟಗಾರರು ಕೆತ್ತಿದ ಹುಲ್ಲಿನ ಹೆಪ್ಪಳಿಕೆ ಚೆಂಡು ಇದ್ದ ಜಾಗದ ಮುಂದೆ ಕಾಣಿಸುವುದು ಇದೇ ಕಾರಣಕ್ಕೆ. ಹೊಸಬರಲ್ಲಿ ಅದು ಚೆಂಡಿನ ಹಿಂದೆ ಇರುತ್ತದೆ.

ಮೂರು, ಕೋಲಿನ ಹೃದಯಭಾಗ. ಪ್ರತಿ ಐರನ್‌ನ ಮುಖದಲ್ಲೂ ಚೆಂಡು ತಾಗಬೇಕಾದ ಒಂದು ಪುಟ್ಟ ಜಾಗವಿದೆ. ಅಲ್ಲಿ ತಾಗಿದ ಹೊಡೆತ ಕೈಗೆ ಭಾರವೇ ಎನಿಸುವುದಿಲ್ಲ. ಅಂಚಿನಲ್ಲಿ ತಾಗಿದರೆ ಕೋಲು ಕೈಯಲ್ಲಿ ನಡುಗುತ್ತದೆ, ಚೆಂಡು ವೇಗ ಕಳೆದುಕೊಳ್ಳುತ್ತದೆ. ಹೀಗಾಗಿ ಪೂರ್ತಿ ಬಲದ ಅಂಚಿನ ಹೊಡೆತಕ್ಕಿಂತ ಮುಕ್ಕಾಲು ಬಲದ ನಡುವಿನ ಹೊಡೆತ ದೂರ ಹೋಗುವುದೂ ಉಂಟು. ಮೊಟಕು ಬೀಸಿಗೆ ಹೊರಳಿದ ಅನೇಕರು ತಾವು ನಿರೀಕ್ಷಿಸಿದಷ್ಟು ದೂರ ಕಳೆದುಕೊಳ್ಳದಿರುವ ಗುಟ್ಟು ಇದು.

ಮಾಡುವ ಬಗೆ

ಬೀಸಿನ ಅಳತೆಯನ್ನು ತಿಳಿಯಲು ಗಡಿಯಾರದ ಹೋಲಿಕೆ ಬಹಳ ಪ್ರಚಲಿತ. ನಾಸಾದಲ್ಲಿ ವಿಜ್ಞಾನಿಯಾಗಿದ್ದು ಆಮೇಲೆ ಗಾಲ್ಫ್ ಶಿಕ್ಷಕರಾದ ಅಮೆರಿಕದ ಡೇವ್ ಪೆಲ್ಜ್ ಗ್ರೀನ್ ಸಮೀಪದ ಹೊಡೆತಗಳಿಗಾಗಿ ಇದನ್ನು ಜನಪ್ರಿಯಗೊಳಿಸಿದರು. ಬಲಗೈ ಆಟಗಾರನೊಬ್ಬ ನಿಮ್ಮ ಎದುರು ನಿಂತಿದ್ದಾನೆ, ಅವನ ಎಡತೋಳು ಗಡಿಯಾರದ ಮುಳ್ಳು ಎಂದು ಊಹಿಸಿಕೊಳ್ಳಿ. ಚೆಂಡಿನ ಮುಂದೆ ನಿಂತಾಗ ಮುಳ್ಳು 6ರಲ್ಲಿರುತ್ತದೆ. ಕೋಲನ್ನು ಹಿಂದಕ್ಕೊಯ್ಯುವ ಬ್ಯಾಕ್‌ಸ್ವಿಂಗ್‌ನಲ್ಲಿ ತೋಳು ನೆಲಕ್ಕೆ ಸಮಾನಾಂತರವಾದಾಗ ಗಂಟೆ 9. ಅದು ಅರ್ಧ ಬೀಸು. ಹತ್ತೂವರೆಗೆ ತಲುಪಿದರೆ ಮುಕ್ಕಾಲು ಬೀಸು. ಐರನ್‌ಗಳ ಹತೋಟಿಯ ಹೊಡೆತಕ್ಕೆ 9ರಿಂದ ಹತ್ತೂವರೆಯ ನಡುವಿನ ಅವಕಾಶವೇ ಸಾಕು.

ಕ್ರಮವನ್ನು ಹೀಗೆ ಹೇಳಬಹುದು. ಮೊದಲಿಗೆ ಅಂತರಕ್ಕೆ ಬೇಕಾದ ಕೋಲಿಗಿಂತ ಒಂದು ಸಂಖ್ಯೆ ಕಡಿಮೆ ಇರುವ ಉದ್ದದ ಕೋಲನ್ನು ಆರಿಸಿಕೊಳ್ಳಿ. 140 ಗಜಕ್ಕೆ ಪೂರ್ತಿ ಬೀಸಿನಲ್ಲಿ 7 ಐರನ್ ಬಳಸುವವರಾದರೆ ಈಗ 6 ಐರನ್ ತೆಗೆಯಿರಿ. ಹಿಡಿಯನ್ನು ಮೇಲ್ತುದಿಯಿಂದ ಒಂದು ಅಂಗುಲ ಕೆಳಗೆ ಹಿಡಿಯಿರಿ. ಕೋಲು ಗಿಡ್ಡವಾದಷ್ಟೂ ಅದರ ತಲೆ ಕೈಮಾತು ಕೇಳುತ್ತದೆ. ಹಿಡಿತ ಬಿಗಿಯಾಗುವುದು ಬೇಡ, ಸಡಿಲವೂ ಆಗುವುದು ಬೇಡ.

ಪಾದಗಳ ನಡುವಿನ ಅಂತರವನ್ನು ಎಂದಿಗಿಂತ ತುಸು ಕಡಿಮೆ ಮಾಡಿ. ಚೆಂಡು ಎರಡು ಪಾದಗಳ ನಡುವಿನಲ್ಲಿ, ಇಲ್ಲವೇ ಒಂದು ಚೆಂಡಿನ ಅಗಲದಷ್ಟು ಹಿಂದಿನ ಪಾದದ ಕಡೆಗೆ ಇರಲಿ. ಮೈಭಾರ ಮುಂದಿನ ಪಾದದ ಮೇಲೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿರಲಿ. ಬಲಗೈ ಆಟಗಾರರಿಗೆ ಮುಂದಿನದು ಎಡಪಾದ.

ಬ್ಯಾಕ್‌ಸ್ವಿಂಗ್‌ನಲ್ಲಿ ತೋಳುಗಳನ್ನಷ್ಟೇ ಎತ್ತುವುದಲ್ಲ, ಎದೆಯನ್ನೂ ತಿರುಗಿಸಬೇಕು. ಇದು ಬಹಳ ಮುಖ್ಯ. ಬೀಸು ಮೊಟಕಾಗಬೇಕಾದ್ದು ತೋಳುಗಳಲ್ಲಿಯೇ ಹೊರತು ಮೈಯ ತಿರುವಿನಲ್ಲಿ ಅಲ್ಲ. ತೋಳು ಅಳತೆಯ ಗಡಿ ತಲುಪಿದ ಮೇಲೆ ಅವಸರವಿಲ್ಲದೆ ಕೆಳಗಿನ ಮೈಯಿಂದ ಮುಂಬೀಸನ್ನು ಆರಂಭಿಸಿ. ಚೆಂಡನ್ನು ದಾಟುವಾಗ ಕೈಗಳು ಕೋಲಿನ ತಲೆಗಿಂತ ಮುಂದಿರಲಿ. ಹೊಡೆತ ಮುಗಿದಾಗ ಕೈಗಳು ಎದೆಮಟ್ಟದಲ್ಲಿ ನಿಲ್ಲಲಿ, ಸೊಂಟಪಟ್ಟಿಯ ಬಕಲ್ ಗುರಿಯನ್ನು ನೋಡುತ್ತಿರಲಿ. ಆ ಭಂಗಿಯಲ್ಲಿ ಎರಡು ಸೆಕೆಂಡ್ ಕದಲದೆ ನಿಲ್ಲಲು ಸಾಧ್ಯವಾದರೆ ಬೀಸು ಹತೋಟಿಯಲ್ಲಿತ್ತು ಎಂದೇ ಅರ್ಥ.

ಇನ್ನು ಲಯದ ವಿಚಾರ. ವೃತ್ತಿಪರ ಆಟಗಾರರ ಬೀಸುಗಳನ್ನು ಚಿತ್ರಿಕೆಗಳಾಗಿ ಬಿಡಿಸಿ ನೋಡಿದ ಅಮೆರಿಕದ ಜಾನ್ ನೊವೊಸೆಲ್, ಕೋಲನ್ನು ಹಿಂದಕ್ಕೊಯ್ಯಲು ಬೇಕಾಗುವ ಕಾಲವು ಚೆಂಡಿಗೆ ಮರಳಲು ಬೇಕಾಗುವ ಕಾಲದ ಮೂರು ಪಟ್ಟು ಇರುತ್ತದೆ ಎಂದು 2004ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ತೋರಿಸಿದರು. ಆದಿತಾಳದ ಎಣಿಕೆ ಬಲ್ಲವರಿಗೆ ಇದು ಕಷ್ಟವಲ್ಲ. ಮನಸ್ಸಿನಲ್ಲೇ ಸಮನಾಗಿ ಒಂದು, ಎರಡು, ಮೂರು ಎನ್ನುತ್ತಾ ಹಿಂದಕ್ಕೆ ಒಯ್ದು, ನಾಲ್ಕಕ್ಕೆ ಚೆಂಡನ್ನು ಮುಟ್ಟಿದರೆ ಸಾಕು.

ಕ್ರಿಕೆಟಿಗರಿಗೊಂದು ಎಚ್ಚರಿಕೆ

ನಮ್ಮಲ್ಲಿ ಗಾಲ್ಫ್ ಕಲಿಯುವ ಬಹುತೇಕರು ಕ್ರಿಕೆಟ್ ಆಡಿ ಬೆಳೆದವರು. ಮೈದಾನದಲ್ಲಿ ಗಳಿಸಿದ ಕಣ್ಣು, ಕೈಗಳ ಹೊಂದಾಣಿಕೆ ಇಲ್ಲಿಯೂ ನೆರವಾಗುತ್ತದೆ. ಆದರೆ ಒಂದು ಅಭ್ಯಾಸ ಮಾತ್ರ ಶತ್ರುವಾಗುತ್ತದೆ. ವಿಶ್ವನಾಥ್ ಅವರ ಬ್ಯಾಟಿಂಗ್‌ಗೆ ಸೊಗಸು ತಂದದ್ದು ಮಣಿಕಟ್ಟು. ಬರುತ್ತಿರುವ ಚೆಂಡಿನ ವೇಗವನ್ನೇ ಬಳಸಿ ಕಡೆಯ ಗಳಿಗೆಯಲ್ಲಿ ಅದನ್ನು ಬೇಕಾದೆಡೆಗೆ ತಿರುಗಿಸುವ ಕಲೆ ಅದು. ಗಾಲ್ಫ್ ಚೆಂಡು ನಿಂತಲ್ಲೇ ನಿಂತಿರುತ್ತದೆ. ಕಡೆಯ ಗಳಿಗೆಯಲ್ಲಿ ಮಣಿಕಟ್ಟು ಆಡಿಸಿದರೆ ಕೋಲಿನ ಮುಖ ಮುಚ್ಚಿಕೊಂಡು ಚೆಂಡು ಎಡಕ್ಕೆ ಸಿಡಿಯುತ್ತದೆ, ಇಲ್ಲವೇ ನೆಲಕ್ಕೆ ಏಟು ಬೀಳುತ್ತದೆ. ವಿಶ್ವನಾಥ್ ಅವರಿಂದ ಕಲಿಯಬೇಕಾದ್ದು ಅವಸರಪಡದ ಗುಣವನ್ನು. ಮಣಿಕಟ್ಟಿನ ಚಳಕವನ್ನು ಅಲ್ಲ.

ಮೊಟಕು ಬೀಸಿನಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪುಗಳು ಮೂರು. ಬ್ಯಾಕ್‌ಸ್ವಿಂಗ್ ಚಿಕ್ಕದಾಯಿತಲ್ಲ ಎಂದು ಅದನ್ನು ತುಂಬಿಕೊಡಲು ಕೆಳಗೆ ಬರುವಾಗ ಝಾಡಿಸಿ ಹೊಡೆಯುವುದು ಮೊದಲನೆಯದು. ಮೆಲ್ಲಗೆ ಹೊಡೆಯಬೇಕೆಂದು ಚೆಂಡಿನ ಹತ್ತಿರ ಬಂದಾಗ ಕೈ ತಡೆಯುವುದು ಎರಡನೆಯದು. ಚೆಂಡನ್ನು ಮೇಲಕ್ಕೆತ್ತಲು ಹಿಂದಕ್ಕೆ ವಾಲುವುದು ಮೂರನೆಯದು. ಚೆಂಡನ್ನು ಮೇಲೇರಿಸುವ ಕೆಲಸ ಮುಖದ ಓರೆಯದು. ಆಟಗಾರ ಕೆಳಮುಖವಾಗಿ ಹೊಡೆದರೆ ಚೆಂಡು ತಾನಾಗಿಯೇ ಮೇಲೇರುತ್ತದೆ.

ಬೀಸು ಚಿಕ್ಕದಾದರೆ ಆಟವೂ ಚಿಕ್ಕದಾಗುತ್ತದೆ ಎಂಬ ಅಳುಕು ಬೇಡ. ಸ್ಪೇನಿನ ಜಾನ್ ರಾಹ್ಮ್ ಹುಟ್ಟುವಾಗಲೇ ಬಲಪಾದ ತಿರುಚಿಕೊಂಡಿತ್ತು. ಚಿಕಿತ್ಸೆಯ ಬಳಿಕವೂ ಆ ಕಾಲಿನ ಕೀಲು ಪೂರ್ತಿ ಬಾಗುವುದಿಲ್ಲ. ಹೀಗಾಗಿ ಅವರು ಮೊಟಕು ಬ್ಯಾಕ್‌ಸ್ವಿಂಗ್ ರೂಢಿಸಿಕೊಂಡರು. ಅದೇ ಬೀಸಿನಿಂದ 2021ರ ಯು.ಎಸ್. ಓಪನ್, 2023ರ ಮಾಸ್ಟರ್ಸ್ ಎರಡನ್ನೂ ಗೆದ್ದರು. ಅವರ ಮೈಬಲ, ವೇಗ ಎಲ್ಲರಿಗೂ ಬಾರದು, ನಿಜ. ಆದರೆ ತನ್ನ ಮೈ ಎಷ್ಟಕ್ಕೆ ಒಗ್ಗುತ್ತದೆಯೋ ಅಷ್ಟನ್ನೇ ನೆಚ್ಚಿಕೊಳ್ಳುವ ವಿವೇಕ ಯಾರಿಗೂ ಬರಬಹುದು.

ಗಾಳಿ, ಮಳೆ ಮತ್ತು ಸೊಂಟ

ಮಲೆನಾಡಿನ ಸೆರಗಿನಲ್ಲಿ ಆಡುವವರಿಗೆ ಈ ಹೊಡೆತದಿಂದ ಮತ್ತಷ್ಟು ಲಾಭಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದ ಗಾಳಿ ಬೀಸುತ್ತದೆ. ಎದುರುಗಾಳಿಗೆ ಜೋರಾಗಿ ಹೊಡೆಯಬೇಕು ಎಂಬುದು ಸಹಜವಾದ ಅನಿಸಿಕೆ. ಆದರೆ ಜೋರಾಗಿ ಹೊಡೆದಷ್ಟೂ ಚೆಂಡು ಹಿಮ್ಮುಖವಾಗಿ ಹೆಚ್ಚು ಗಿರಕಿ ಹೊಡೆಯುತ್ತದೆ, ಗಾಳಿಯ ಮೇಲೇರಿ ಅಲ್ಲೇ ತೂಗಿ ಗುರಿಗೆ ಮುನ್ನವೇ ಬೀಳುತ್ತದೆ. ಉದ್ದದ ಕೋಲಿನಿಂದ ಮೊಟಕಾಗಿ ಹೊಡೆದ ಚೆಂಡು ತಗ್ಗಿನಲ್ಲಿ, ಕಡಿಮೆ ಗಿರಕಿಯೊಡನೆ ಸಾಗುವುದರಿಂದ ಗಾಳಿಯ ಕಾಟ ಅದಕ್ಕೆ ಕಡಿಮೆ. ಮಳೆ ನೆನೆದ ನೆಲದಲ್ಲಿ ಕೋಲು ಚೆಂಡಿನ ಹಿಂದೆ ಒಂದು ಅಂಗುಲ ತಾಗಿದರೂ ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಅಲ್ಲಿಯೂ ಸಮತೋಲದ ಬೀಸಿನದೇ ಮೇಲುಗೈ.

ಆರೋಗ್ಯದ ವಿಚಾರವನ್ನೂ ಮರೆಯುವಂತಿಲ್ಲ. ಹವ್ಯಾಸಿ ಗಾಲ್ಫ್ ಆಟಗಾರರನ್ನು ಹೆಚ್ಚಾಗಿ ಕಾಡುವ ತೊಂದರೆ ಕೆಳಬೆನ್ನಿನ ನೋವು. ದಿನವಿಡೀ ಮೇಜಿನ ಮುಂದೆ ಕುಳಿತು, ಭಾನುವಾರ ಬೆಳಿಗ್ಗೆ ಒಮ್ಮೆಲೇ ಬೆನ್ನನ್ನು ಪೂರ್ತಿ ತಿರುಚಿ ಬೀಸುವವರಿಗೆ ಈ ಅಪಾಯ ಎದುರಾಗುತ್ತದೆ. ತಿರುಚುವಿಕೆ ಮಿತಿಯಲ್ಲಿರುವ ಬೀಸು ಬೆನ್ನಿನ ಮೇಲಿನ ಹೊರೆಯನ್ನು ತಗ್ಗಿಸುತ್ತದೆ. ಆದರೆ ಇದು ನೋವಿಗೆ ಮದ್ದಲ್ಲ. ಈಗಾಗಲೇ ನೋವಿರುವವರು ವೈದ್ಯರನ್ನು ಕಾಣದೆ ಕೋಲು ಹಿಡಿಯಬಾರದು.

ಹಾಗೆಂದು ಎಲ್ಲ ಸಂದರ್ಭಕ್ಕೂ ಇದೇ ಹೊಡೆತವಲ್ಲ. ಗಿರಕಿ ಕಡಿಮೆಯಾದ ಕಾರಣ ಚೆಂಡು ಬಿದ್ದ ಮೇಲೆ ಹೆಚ್ಚು ಉರುಳುತ್ತದೆ. ಬೇಸಿಗೆಯಲ್ಲಿ ಗಟ್ಟಿಯಾದ ಗ್ರೀನ್‌ನಲ್ಲಿ ಅದು ಹಿಂದಿನ ಅಂಚು ದಾಟಿ ಹೋಗಬಹುದು. ಬಂಕರ್ ದಾಟಿ ಅದರ ಬೆನ್ನಿಗೇ ಇರುವ ಗುಳಿಯ ಬಳಿ ಚೆಂಡನ್ನು ನಿಲ್ಲಿಸಬೇಕಾದಾಗ ಎತ್ತರದ ಹೊಡೆತವೇ ಬೇಕು. ಎತ್ತರದ ಮರವೊಂದು ಅಡ್ಡವಿದ್ದಾಗಲೂ ಅಷ್ಟೆ. ಗುರಿಯ ಮುಂದಿನ ಹಾದಿ ಬಯಲಾಗಿದ್ದಾಗ, ಗಾಳಿಯಿದ್ದಾಗ, ತಪ್ಪಿದರೆ ನಷ್ಟ ದೊಡ್ಡದಿದ್ದಾಗ ಮೊಟಕು ಬೀಸು ನೆಚ್ಚಿನ ಒಡನಾಡಿ.

ಅಂಗಳದಲ್ಲೇ ಅಭ್ಯಾಸ

ಬೆಂಗಳೂರಿನಲ್ಲಿರುವಂತೆ ಜಿಲ್ಲೆಯ ಊರುಗಳಲ್ಲಿ ಅಭ್ಯಾಸದ ತಾಣಗಳು ಕೈಗೆಟಕುವುದಿಲ್ಲ. ಮೊಟಕು ಬೀಸಿನ ದೊಡ್ಡ ಅನುಕೂಲ ಇಲ್ಲಿದೆ. ಇದನ್ನು ಮನೆಯಂಗಳದಲ್ಲಿ, ತಾರಸಿಯ ಮೇಲೆ ಚೆಂಡಿಲ್ಲದೆಯೇ ರೂಢಿಸಿಕೊಳ್ಳಬಹುದು. ಕನ್ನಡಿಯ ಎದುರು ನಿಂತು ಎಡತೋಳು 9 ಗಂಟೆಗೆ ಬಂದಾಗ ನಿಲ್ಲಿಸಿ ನೋಡಿ. ಬಹುತೇಕರಿಗೆ ಆಶ್ಚರ್ಯ ಕಾದಿರುತ್ತದೆ. ಅರ್ಧ ಬೀಸು ಎಂದುಕೊಂಡದ್ದು ನಿಜಕ್ಕೂ ಮುಕ್ಕಾಲು ದಾಟಿರುತ್ತದೆ. ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರೆ ಇನ್ನೂ ಸ್ಪಷ್ಟ. ಚೆಂಡು ಇರಬೇಕಾದ ಜಾಗದ ಹಿಂದೆ ಒಂದು ಗೇಣು ದೂರದಲ್ಲಿ ಮಡಿಸಿದ ಟವೆಲ್ ಇಟ್ಟು, ಅದನ್ನು ತಾಗದಂತೆ ಬೀಸುವುದು ಇನ್ನೊಂದು ಒಳ್ಳೆಯ ಸಾಧನೆ.

ಒಂದು ಮಾತು ಮಾತ್ರ ನೆನಪಿರಲಿ. ಸಾರ್ವಜನಿಕ ಮೈದಾನದಲ್ಲಿ, ಬಡಾವಣೆಯ ಖಾಲಿ ನಿವೇಶನದಲ್ಲಿ ನಿಜವಾದ ಗಾಲ್ಫ್ ಚೆಂಡು ಹೊಡೆಯುವುದು ಸಲ್ಲದು. ಅರ್ಧ ಬೀಸಿನ ಚೆಂಡೂ ಕಿಟಕಿ ಒಡೆಯಬಲ್ಲದು, ತಲೆಯನ್ನೂ ಒಡೆಯಬಲ್ಲದು. ಅಲ್ಲಿಗೆ ತೂತುಗಳಿರುವ ಹಗುರ ಪ್ಲಾಸ್ಟಿಕ್ ಚೆಂಡುಗಳೇ ಸರಿ.

ಅಭ್ಯಾಸದ ತಾಣಕ್ಕೆ ಹೋದ ದಿನ ಒಂದೇ ಐರನ್ ಹಿಡಿದು 30 ಚೆಂಡುಗಳನ್ನು ಹೊಡೆಯಿರಿ. ಮೊದಲ ಹತ್ತು ಅರ್ಧ ಬೀಸಿನಲ್ಲಿ, ಮುಂದಿನ ಹತ್ತು ಮುಕ್ಕಾಲು ಬೀಸಿನಲ್ಲಿ, ಕಡೆಯ ಹತ್ತು ಪೂರ್ತಿ ಬೀಸಿನಲ್ಲಿ. ಪ್ರತಿ ಹತ್ತರಲ್ಲೂ ಎಡಗಡೆಯ ಕಟ್ಟಕಡೆಯ ಚೆಂಡಿಗೂ ಬಲಗಡೆಯ ಕಟ್ಟಕಡೆಯ ಚೆಂಡಿಗೂ ನಡುವೆ ಎಷ್ಟು ಗಜ ಅಂತರವಿದೆ ಎಂದು ಬರೆದಿಡಿ. ಅತಿ ದೂರ ಹೋದ ಚೆಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನಾಲ್ಕಾರು ವಾರ ಈ ಲೆಕ್ಕ ಇಟ್ಟರೆ ಯಾವ ಬೀಸು ನಿಮ್ಮದು ಎಂಬುದನ್ನು ಯಾರ ಸಲಹೆಯೂ ಇಲ್ಲದೆ ಕಾಗದವೇ ಹೇಳುತ್ತದೆ.

ಅದಿತಿ ಕಲಿಸಿದ ಪಾಠ

ದೂರವಿಲ್ಲದೆ ಗೆಲುವಿಲ್ಲ ಎನ್ನುವವರಿಗೆ ಉತ್ತರ ಬೆಂಗಳೂರಿನಲ್ಲೇ ಇದೆ. ಟೋಕಿಯೊ ಒಲಿಂಪಿಕ್ಸ್ ನಡೆದ 2021ರಲ್ಲಿ ವಿಶ್ವ ರ‍್ಯಾಂಕಿಂಗ್‌ನ 200ನೇ ಸ್ಥಾನದಲ್ಲಿದ್ದ ಅದಿತಿ ಅಶೋಕ್ ದೂರ ಹೊಡೆಯುವುದರಲ್ಲಿ ಸ್ಪರ್ಧೆಯ ಅತಿ ಹಿಂದಿನ ಸಾಲಿನವರಾಗಿದ್ದರು. ಅದೇ ವರ್ಷ ಕೋವಿಡ್‌ನಿಂದ ಬಳಲಿದ್ದರಿಂದ ಮೈಬಲವೂ ಕುಗ್ಗಿತ್ತು. ಆದರೂ ನಾಲ್ಕು ಸುತ್ತುಗಳಲ್ಲಿ 67, 66, 68, 68 ಹೊಡೆತಗಳಲ್ಲಿ ಆಟ ಮುಗಿಸಿ ಒಟ್ಟು 269ಕ್ಕೆ ನಿಂತರು. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೋರ್ಡಾ ಅವರದು 267. ಕೇವಲ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿ ಅದಿತಿ ನಾಲ್ಕನೆಯವರಾದರು. ಅವರನ್ನು ಅಲ್ಲಿಗೆ ತಲುಪಿಸಿದ್ದು ಬಹುಮಟ್ಟಿಗೆ ಪಟರ್. ಹೊಡೆತಗಳು ಮೋಸ ಮಾಡದೆ ಆಟದ ಹಾದಿಯಲ್ಲೇ ಉಳಿದದ್ದರಿಂದ ಆ ಪಟರ್‌ಗೆ ಕೆಲಸ ಸಿಕ್ಕಿತು ಎಂಬುದೂ ಅಷ್ಟೇ ನಿಜ. ಅದಿತಿ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದು, ಏಷ್ಯಾಡ್ ಗಾಲ್ಫ್‌ನಲ್ಲಿ ಪದಕ ಪಡೆದ ಭಾರತದ ಮೊದಲ ಮಹಿಳೆ ಎನಿಸಿಕೊಂಡರು.

ಗಾಲ್ಫ್ ಶ್ರೀಮಂತರ ಆಟ ಎಂಬ ಮಾತಿಗೂ ನಮ್ಮ ರಾಜ್ಯವೇ ಉತ್ತರ ಕೊಟ್ಟಿದೆ. ಇತರರ ಕೋಲುಗಳ ಚೀಲ ಹೊರುವ ಕ್ಯಾಡಿಯಾಗಿದ್ದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಸಮೀಪದ ಹಳ್ಳಿಯಲ್ಲಿ ಚೆಂಡು ಹೆಕ್ಕುವ ಹುಡುಗನಾಗಿದ್ದ ಎಸ್. ಚಿಕ್ಕರಂಗಪ್ಪ ವೃತ್ತಿಪರ ಆಟಗಾರನಾಗಿ ಬೆಳೆದರು. ಹುಟ್ಟು, ಹಣ, ಎತ್ತರ, ತೋಳ್ಬಲ ಇವ್ಯಾವುವೂ ಗ್ರೀನ್ ಮೇಲೆ ಬಿದ್ದ ಚೆಂಡಿಗೆ ಗೊತ್ತಿಲ್ಲ.

ಗಾಲ್ಫ್‌ನಲ್ಲಿ ಅಂಕ ಬರೆಯುವ ಚೀಟಿಯಲ್ಲಿ ಹೊಡೆತ ಎಷ್ಟು ದೂರ ಹೋಯಿತು ಎಂದು ಬರೆಯಲು ಜಾಗವೇ ಇರುವುದಿಲ್ಲ. ಎಷ್ಟು ಹೊಡೆತಗಳಲ್ಲಿ ಮುಗಿಸಿದಿರಿ ಎಂಬುದಕ್ಕೆ ಮಾತ್ರ ಜಾಗ. ಮುಂದಿನ ಭಾನುವಾರ 7 ಐರನ್ ಕೈಗೆತ್ತಿಕೊಳ್ಳುವ ಮುನ್ನ ಅದನ್ನು ಚೀಲಕ್ಕೆ ಮರಳಿಸಿ, 6 ಐರನ್ ತೆಗೆದು, ಎಡತೋಳು ಹತ್ತೂವರೆ ಮುಟ್ಟುವ ಮೊದಲೇ ಚೆಂಡಿನತ್ತ ಮರಳಿ ನೋಡಿ.